ಮುದ್ದೇಬಿಹಾಳದ ಜೇಡದ ಕಾಲು

ನಮ್ಮ ಅಪ್ಪ ಸಿಂದಗಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದ. ಸಂಜೆ ಮನೆಗೆ ಬಂದಾಗ ಅವನ ಅಂಗಿಗೆ ಫಾರ್ಮಾಲಿನ್ ವಾಸನೆ ಇರುತ್ತಿತ್ತು. ಸತ್ತ ಪ್ರಾಣಿಗಳು ಕೊಳೆಯದಂತೆ ಕಾಯುವ ಆ ದ್ರವ ಮೂಗಿಗೆ ಚುರುಕ್ಕನೆ ತಾಗುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ. ಅವ್ವ ಅವನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ನನಗೆ ಮಾತ್ರ ಅದು ಅಪ್ಪನ ವಾಸನೆ. ಉಳಿದ ಹುಡುಗಿಯರ ಅಪ್ಪಂದಿರ ಮೈಗೆ ಆ ವಾಸನೆ ಯಾಕಿಲ್ಲ ಎಂದು ನಾಲ್ಕನೇ ಇಯತ್ತೆಯವರೆಗೂ ನಾನು ಯೋಚಿಸಿದ್ದುಂಟು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟೊಡನೆ ಸೀದಾ ಕಾಲೇಜಿಗೆ ಹೋಗುತ್ತಿದ್ದೆ. ಕಪಾಟುಗಳ ತುಂಬ ಗಾಜಿನ ಭರಣಿಗಳು. ಕಪ್ಪೆ, ನಾಗರಹಾವು, ಚೇಳು, ಹುಟ್ಟುವ ಮೊದಲೇ ಸತ್ತ ಒಂದು ಆಡಿನ ಮರಿ. ಅಪ್ಪ ಒಂದೊಂದನ್ನೇ ಇಳಿಸಿ, ಒರೆಸಿ, ಒಳಗಿನ ದ್ರವ ಕಡಿಮೆಯಾಗಿದ್ದರೆ ತುಂಬುತ್ತಿದ್ದ. ಲಾಳಿಕೆ ಹಿಡಿಯುವುದು ನನ್ನ ಕೆಲಸ.

“ನೀರ ಇಳಿದ್ರ ತುಂಬಬೇಕು,” ಅನ್ನುತ್ತಿದ್ದ. ಫಾರ್ಮಾಲಿನ್ನನ್ನು ಅವನು ನೀರು ಅಂತಲೇ ಕರೆಯುವುದು. “ಸರ್‌ಗೋಳು ಬರ್ತಾರ, ಹೋಗ್ತಾರ. ಈ ಹಾವ ನಾ ಬರೂಕಿಂತ ಮೊದಲಿಂದ ಐತಿ. ನಾ ಹೋದ ಮ್ಯಾಲೂ ಇರತೈತಿ. ಯಾಕ? ಒಮ್ಮೆನೂ ನೀರ ಇಳಿಯಾಕ ಬಿಟ್ಟಿಲ್ಲ.”

ಭರಣಿಯೊಳಗಿನ ಹಾವನ್ನು ಬರಿಗೈಯಲ್ಲಿ ಎತ್ತುವ ಮನುಷ್ಯ ಮನೆಯಲ್ಲಿ ಗೋಡೆಯ ಮೇಲೆ ಹಲ್ಲಿ ಕಂಡರೆ ಕುರ್ಚಿಯಿಂದ ಏಳುತ್ತಿರಲಿಲ್ಲ. “ಏ, ಬಾ ಇಲ್ಲಿ, ನೋಡಿದನ್ನ,” ಎಂದು ಅವ್ವನನ್ನು ಕರೆಯುತ್ತಿದ್ದ. ಅವ್ವ ಕಸಬರಿಗೆ ಹಿಡಿದು ಬರುತ್ತಿದ್ದಳು. “ಕಾಲೇಜಿನ್ಯಾಗ ಹುಲಿ, ಮನ್ಯಾಗ ಇಲಿ,” ಅನ್ನದೆ ಅವಳು ಒಂದು ಹಲ್ಲಿಯನ್ನೂ ಓಡಿಸಿದವಳಲ್ಲ.

ಎಂ.ಎಸ್ಸಿ. ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ನಮ್ಮ ಹೊಲಗಳ ಬದುವಿನಲ್ಲಿರುವ ಟರಾಂಟುಲಾಗಳನ್ನು. ಅಂಗೈಯಗಲದ, ಮೈತುಂಬ ರೋಮದ, ನೆಲದೊಳಗೆ ತೂತು ಕೊರೆದು ಅದರ ಬಾಯಿಗೆ ರೇಷ್ಮೆ ನೇಯ್ದು ಕೂಡುವ ದೊಡ್ಡ ಜೇಡ. ನಮ್ಮ ಕಡೆ ಇದನ್ನು ಕಂಡವರು ಬಹಳ, ಬೇರೆ ಹೆಸರಿಟ್ಟು ಕರೆದವರಿಲ್ಲ. ಇಂಡಿ, ಸಿಂದಗಿ ಭೀಮೆಯ ಕಡೆ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಕೃಷ್ಣೆಯ ಕಡೆ. ಈ ನಾಲ್ಕು ತಾಲೂಕಿನ ಜೇಡಗಳು ಒಂದೇ ಪ್ರಭೇದದವೋ, ಎರಡೋ? ಪ್ರಶ್ನೆ ಇಷ್ಟೇ. ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಮೈಸೂರಿನ ಕಡೆಯವರು. “ಚಿಕ್ಕ ಪ್ರಶ್ನೆ, ಚೆನ್ನಾಗಿದೆ. ಉತ್ತರ ಮಾತ್ರ ಪೂರ್ತಿ ಬರಬೇಕು,” ಎಂದರು.

ಬಣ್ಣ ನೋಡಿ ಹೇಳುವಂತಿಲ್ಲ. ಎರೆ ಮಣ್ಣಿನ ಜೇಡ ಕಪ್ಪಗೆ ಕಾಣುತ್ತದೆ, ಮಸಾರಿ ಮಣ್ಣಿನದು ಕೆಂಪಗೆ. ಆದರೆ ಬ್ರಷ್ಷಿನಿಂದ ಧೂಳು ಒರೆಸಿದರೆ ಎರಡೂ ಒಂದೇ ಕಂದು. ಹೊಸದಾಗಿ ಪೊರೆ ಬಿಟ್ಟದ್ದು ಕಡುಗಪ್ಪು, ಬಿಡಲಿರುವುದು ಮಾಸಲು. ಗಾತ್ರ ವಯಸ್ಸಿನ ಮೇಲೆ ಹೋಗುತ್ತದೆ. ಹಾಗಾಗಿ ಎರಡು ದಾರಿ ಉಳಿಯುತ್ತವೆ. ಒಂದು ಅಂಗರಚನೆ. ಗಂಡಿನಲ್ಲಿ ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿಗೆ ಪೇರಲದಂಥ ಒಂದು ಉಬ್ಬು, ಅದರ ತುದಿಗೆ ಸೂಜಿ ಇರುತ್ತದೆ. ಹೆಣ್ಣಿನಲ್ಲಿ ಹೊಟ್ಟೆಯ ಕೆಳಗೆ ಗಂಡಿನ ಬೀಜ ಕೂಡಿಡುವ ಎರಡು ಪುಟ್ಟ ಚೀಲಗಳಿರುತ್ತವೆ. ಇವುಗಳ ಆಕಾರ ಪ್ರಭೇದಕ್ಕೊಂದು ಬಗೆ. ಹೆಣ್ಣು ಪೊರೆ ಬಿಟ್ಟಾಗ ಆ ಚೀಲಗಳ ಅಚ್ಚೂ ಪೊರೆಯ ಜತೆ ಕಳಚಿ ಬರುತ್ತದೆ. ತೂತಿನ ಬಾಯಿಗೆ ಜೇಡ ಎಸೆದ ಪೊರೆಯನ್ನು ಆರಿಸಿ ತಂದು ಸಾಬೂನು ನೀರಿನಲ್ಲಿ ನೆನೆಸಿದರೆ ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಪ್ರಾಣ ತೆಗೆಯಬೇಕಾಗಿಲ್ಲ. ಇನ್ನೊಂದು ದಾರಿ ಡಿ.ಎನ್.ಎ. ಅದಕ್ಕೆ ಜೀವಂತ ಜೇಡದ ಒಂದು ಕಾಲು ಸಾಕು. ಚಿಮಟದಿಂದ ತೊಡೆಯನ್ನು ಗಟ್ಟಿಯಾಗಿ ಹಿಡಿದರೆ ಜೇಡ ತಾನೇ ಆ ಕಾಲನ್ನು ಬಿಟ್ಟು ಹೋಗುತ್ತದೆ. ಮುಂದಿನ ಒಂದೆರಡು ಪೊರೆಗೆ ಅಲ್ಲಿ ಹೊಸ ಕಾಲು ಬರುತ್ತದೆ. ಅರಣ್ಯ ಇಲಾಖೆ ನನಗೆ ಕೊಟ್ಟ ಅನುಮತಿಯೂ ಇಷ್ಟಕ್ಕೇ, ಪೊರೆ ಮತ್ತು ಕಾಲು.

ಹೆಣ್ಣು ಜೇಡದ ಯಾವ ಭಾಗ ನೋಡುತ್ತೀ ಎಂದು ಅಪ್ಪ ಒಮ್ಮೆ ಕೇಳಿದ. “ಹೊಟ್ಟಿ ಕೆಳಗಿಂದು,” ಎಂದೆ. ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿದ್ದವನಿಗೆ ಗೊತ್ತಾಗದ ಮಾತಲ್ಲ. ಅವನು ಕಿಟಕಿಯ ಕಡೆ ನೋಡಿ “ಹೂಂ” ಎಂದ. ನಮ್ಮ ಮನೆಯಲ್ಲಿ ವಿಜ್ಞಾನ ಅಲ್ಲಿಗೆ ನಿಲ್ಲುತ್ತಿತ್ತು.

ಆ ಮಳೆಗಾಲವಿಡೀ ಅಪ್ಪ ರಜೆ ಸಿಕ್ಕ ದಿನಗಳಲ್ಲಿ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗಿದ. ಈಗ ನಾನಿರುವ ಊರಿನಲ್ಲಿ ಬಸ್ಸಿಗೆ ನಿಂತಾಗ ನೆನಪಾಗುವುದು ಆ ದಿನಗಳೇ. ನಸುಕಿನಲ್ಲೇ ಹೊರಡುವುದು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ನನ್ನ ತೊಡೆಯ ಮೇಲೆ. ಅಪ್ಪನ ಬೆನ್ನಿನ ಆಚೆ ತೊಗರಿಯ ಹಸಿರು. ಮಳೆಯಾದ ಮರುದಿನ ಎರೆ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿಗೆ ಒಂದೊಂದು ಸೇರು ಮಣ್ಣು. ಬದುವಿನ ಮೇಲೆ ಕುಳಿತು ಕಟ್ಟಿಗೆಯಿಂದ ಕೆರೆದು ತೆಗೆಯುವಾಗ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ನನ್ನ ಮಾತು ಕಡಿಮೆ. ಅಪ್ಪನದೂ ಹಾಗೇ, ಹೊರಗಿನವರು ಯಾರಾದರೂ ಸೇರಿದಾಗ ಮಾತ್ರ ಬಾಯಿ ಬಿಚ್ಚುತ್ತಿದ್ದ.

ಝಳಕಿಯಲ್ಲಿ ಹೆದ್ದಾರಿ ಪಕ್ಕದ ಚಹಾದಂಗಡಿಯ ಹಿಂದಿನ ದಿನ್ನೆಯಲ್ಲಿ ನಾನು ಬಗ್ಗಿ ಹುಡುಕುತ್ತಿದ್ದರೆ ಅಂಗಡಿಯವ ಅಪ್ಪನನ್ನು ಕೇಳಿದ, “ಏನ್ ಹುಡಕಾಕತ್ತಾರ್ರಿ ಅವರು? ಬಂಗಾರ ಹೂಳಿಟ್ಟಾರೇನು?”

“ಜ್ಯಾಡ್ರಿ.”

“ಜ್ಯಾಡಾ? ಅದಕ್ಕ ಇಲ್ಲೀತನಕಾ ಬಂದೀರಿ? ನಮ್ಮ ಮಾಳಗಿ ತುಂಬ ಅದಾವ, ಒಂದ ಚೀಲ ತುಂಬಿಕೊಂಡ ಹೋಗ್ರಿ. ನಮ್ಮಾಕಿ ಆಶೀರ್ವಾದ ಮಾಡ್ತಾಳ.”

ಇಂಡಿಯ ಹತ್ತಿರ ಒಂದು ನಿಂಬೆ ತೋಟದ ಮಾಲೀಕರು ವಯಸ್ಸಾದ ಮುಸ್ಲಿಂ ರೈತರು. ಅಪ್ಪ ಅವರನ್ನು ಸಾಹೇಬರೇ ಎನ್ನುತ್ತಿದ್ದ. ಅವರ ಬದುವಿನಲ್ಲಿ ಒಂದೇ ಮುಂಜಾನೆ ನಾಲ್ಕು ತೂತು ಸಿಕ್ಕವು. ಜೋಳದ ದಂಟಿನ ತೆಳು ಸಿಬಿರನ್ನು ಒಳಗೆ ಬಿಟ್ಟು ಮೆಲ್ಲಗೆ ಅಲುಗಿಸಬೇಕು. ಒಳಗಿನಿಂದ ಅದನ್ನು ಹಿಡಿದೆಳೆಯುವ ಒಂದು ಜಗ್ಗು ಬೆರಳಿಗೆ ತಿಳಿಯುತ್ತದೆ. ಆಮೇಲೆ ಮುಂದಿನ ಎರಡು ಕಾಲುಗಳು ಹೊರಗೆ ಬರುತ್ತವೆ. ನಾನು ಡಬ್ಬಿ ಮುಚ್ಚಿದೆ. ಅಪ್ಪ ಇಪ್ಪತ್ತು ಹೆಜ್ಜೆ ಹಿಂದೆ ನಿಂಬೆ ಗಿಡದ ಹಿಂದೆ ನಿಂತಿದ್ದ.

“ಒಂದ ಕಾಲ ತಗೊಂಡು ಏನ್ ಮಾಡ್ತೀ ಬೇಟಿ?” ಎಂದು ಅವರು ಕೇಳಿದರು. ಹೇಳಿದೆ. ಪಕ್ಕದ ನಿಂಬೆ ಗಿಡಗಳತ್ತ ಕೈ ಮಾಡಿ, “ಇದು ಖರೇ ಐತಿ. ಈ ಎರಡ ಗಿಡಾ ನೋಡು. ಎಲಿ ಒಂದ, ಮುಳ್ಳ ಒಂದ. ಕಾಯಿ ಹಿಂಡಿದ್ರ ಮಾತ್ರ ಗೊತ್ತಾಗತೈತಿ, ಇದರ ಅವ್ವ ಬ್ಯಾರೆ, ಅದರ ಅವ್ವ ಬ್ಯಾರೆ,” ಎಂದರು. ಊಟ ಮಾಡದೆ ಹೋಗಬಾರದೆಂದು ಹಟ ಹಿಡಿದು, ನಮ್ಮ ರೊಟ್ಟಿ ಗಂಟನ್ನು ಅವರೇ ಬಿಚ್ಚಿ, ಮನೆಯಿಂದ ಪಲ್ಯ ತರಿಸಿದರು.

ಸಿಂದಗಿ ಕಡೆಯ ದೇವಣಗಾಂವದಲ್ಲಿ ಭೀಮೆಯ ದಂಡೆಯ ಮೇಲಿನ ಹೊಲಗಳು, ಅವ್ವನ ತವರು ಯಂಕಂಚಿಯಲ್ಲಿ ಸೋದರಮಾವನ ಬದು, ಬಾಗೇವಾಡಿ ದಾರಿಯ ಒಂದು ಹಾಳು ಬಾವಿ. ಕೊನೆಗೆ ಮುದ್ದೇಬಿಹಾಳ. ಅಲ್ಲಿ ನೆಲವೇ ಬೇರೆ, ಕಲ್ಲು ಹೆಚ್ಚು, ಮಣ್ಣು ಕೆಂಪು. ಒಬ್ಬ ಮುದುಕಿಯ ಹೊಲದ ಬದುವಿನಲ್ಲಿ ಐದು ಜೇಡ ಸಿಕ್ಕವು, ಮೂರು ಪೊರೆಯೂ ಸಿಕ್ಕವು. ಅವಳನ್ನು ನಾವು ಆಯಿ ಎಂದೆವು. ಅವಳು ಸೊಂಟದ ಮೇಲೆ ಕೈಯಿಟ್ಟು ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಮಗಳು ಹಿಡೀತಾಳ, ನೀ ಅಷ್ಟ ದೂರ ಯಾಕ ನಿಂತೀಯೋ ಗಣಮಗನ? ಬೈಕ್ ಯಾರರ ಕದೀತಾರೇನು?”

“ಬೈಕ್ ಹೊಸಾದೈತಿ ಆಯಿ,” ಎಂದ ಅಪ್ಪ. ಹನ್ನೆರಡು ವರ್ಷ ಹಳೆಯ ಬೈಕು.

ಒಂದೊಂದು ಕಾಲನ್ನೂ ಬೆರಳುದ್ದದ ಮುಚ್ಚಳದ ಕೊಳವೆಯಲ್ಲಿ ಶುದ್ಧ ಆಲ್ಕೋಹಾಲಿನಲ್ಲಿ ಮುಳುಗಿಸಿಟ್ಟಿದ್ದೆ. ಕೊಳವೆಯ ಮೇಲೆ ಪೆನ್ಸಿಲ್ಲಿನಿಂದ ಊರಿನ ಗುರುತು ಮತ್ತು ಸಂಖ್ಯೆ. ಅಷ್ಟೇ ಬರೆದೆ. ಒಳಗಿರುವ ದ್ರವ ಏನು, ಯಾಕೆ ಎಂದು ಬರೆಯಲಿಲ್ಲ. ನನ್ನ ಕೊಳವೆಗಳನ್ನು ನಾನಲ್ಲದೆ ಇನ್ನಾರು ಮುಟ್ಟುತ್ತಾರೆ ಎನ್ನುವ ಧೋರಣೆ. ಕೇಳದೆ ಏನನ್ನೂ ಹೇಳದಿರುವುದು ನನ್ನ ಸ್ವಭಾವ, ಕೇಳಿದರೂ ಅರ್ಧ ಹೇಳುವುದು ಅಭ್ಯಾಸ.

ಎಲ್ಲ ಕಾಲುಗಳನ್ನೂ ಒಮ್ಮೆಗೇ ಪರೀಕ್ಷೆಗೆ ಕಳಿಸೋಣ, ದಸರೆಯ ನಂತರ ತನ್ನಿ ಎಂದು ಮೇಡಂ ಹೇಳಿದ್ದರು. ಅಲ್ಲಿಯವರೆಗೆ ಮನೆಯ ಫ್ರಿಜ್ಜಿನಲ್ಲಿ ಇಟ್ಟೆ. ಎರಡನೇ ದಿನವೇ ಅವ್ವ ಕಂಡುಹಿಡಿದಳು.

“ಇದೇನ ಇದು ಹಾಲಿನ ಪಾತೇಲಿ ಮಗ್ಗಲಕ?”

“ಕಾಲು.”

“ಯಾರದು?”

“ಜ್ಯಾಡದ್ದು.”

ಅವ್ವ ಹಾಲಿನ ಪಾತೇಲಿ ತೆಗೆದು ಕಟ್ಟೆಯ ಮೇಲಿಟ್ಟಳು. “ಶ್ರಾವಣ ಮಾಸ ಐತಿ. ಒಂದ ಈ ಕಾಲ ಇರಬೇಕು, ಇಲ್ಲಾ ನಾ ಇರಬೇಕು ಈ ಮನ್ಯಾಗ.” ಅಪ್ಪ ನಡುವೆ ಬಂದ. “ಕಾಲೇಜಿನ ಫ್ರಿಜ್ಜಿನ್ಯಾಗ ಇಡತೇನಿ ಬಿಡು. ಅಲ್ಲಿ ಯಾರೂ ಮುಟ್ಟೂದಿಲ್ಲ. ನಾ ಅದೇನಲ್ಲ.” ನನಗೆ ಅದು ಒಳ್ಳೆಯದೇ ಎನಿಸಿತು. ಹದಿನೆಂಟು ಕೊಳವೆಗಳ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು ವಿಶ್ವವಿದ್ಯಾಲಯಕ್ಕೆ ಮರಳಿದೆ.

ಮುಂದಿನ ಎರಡು ತಿಂಗಳು ಪೊರೆಗಳನ್ನು ನೋಡುತ್ತ ಕಳೆದೆ. ಭೀಮೆಯ ಕಡೆಯ ಹೆಣ್ಣುಗಳ ಆ ಎರಡು ಚೀಲಗಳು ನೆಟ್ಟಗೆ ನಿಂತ ಎರಡು ಬೆರಳಿನಂತೆ. ಬಾಗೇವಾಡಿಯದೂ ಹಾಗೇ. ಮುದ್ದೇಬಿಹಾಳದ ಮೂರರಲ್ಲೂ ತುದಿ ತುಸು ಹೊರಕ್ಕೆ ಬಾಗಿ, ಬುಡ ಅಗಲವಾಗಿತ್ತು. ಒಂದೊಂದನ್ನೂ ಹಲವು ಸಲ ಚಿತ್ರ ಬಿಡಿಸಿದೆ. ಕಣ್ಣು ಬಯಸಿದ್ದನ್ನು ಕೈ ಬರೆಯಬಾರದಲ್ಲ. ಮೇಡಂ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. “ವ್ಯತ್ಯಾಸ ಇದೆ. ಆದರೆ ವಯಸ್ಸಿಗೂ ಇಷ್ಟು ವ್ಯತ್ಯಾಸ ಬರುತ್ತೆ. ಮುದ್ದೇಬಿಹಾಳದ ಗಂಡು ಒಂದೂ ಸಿಕ್ಕಿಲ್ಲ. ಡಿ.ಎನ್.ಎ. ಹೂಂ ಅಂದರೆ ಮಾತ್ರ ಎರಡು ಅಂತ ಬರೆಯಬಹುದು,” ಎಂದರು. ಎಲ್ಲವೂ ಆ ಐದು ಕಾಲುಗಳ ಮೇಲೆ ನಿಂತಿತು.

ದಸರೆಯ ಖಂಡೇಪೂಜೆಯ ದಿನ ಅಪ್ಪನ ಜತೆ ಕಾಲೇಜಿಗೆ ಹೋದೆ. ರೈತ ನೇಗಿಲಿಗೆ, ಡ್ರೈವರ್ ಬಸ್ಸಿಗೆ ಪೂಜೆ ಮಾಡಿದಂತೆ ಅಪ್ಪ ಪ್ರತಿ ವರ್ಷ ಪ್ರಯೋಗಾಲಯಕ್ಕೆ ಮಾಡುತ್ತಿದ್ದ. ಹಿಂದಿನ ದಿನವೇ ಎಲ್ಲ ಭರಣಿಗಳನ್ನು ತೊಳೆದು ದ್ರವ ಬದಲಿಸಿ ಸಜ್ಜು ಮಾಡಿರುತ್ತಿದ್ದ. ಸೂಕ್ಷ್ಮದರ್ಶಕಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವು. ನಾಗರಹಾವಿನ ಭರಣಿಗೂ ಕುಂಕುಮ. ಅದರ ಮುಂದೆ ಒಂದು ಸಾಲಿನಲ್ಲಿ ನನ್ನ ಹದಿನೆಂಟು ಕೊಳವೆಗಳು. ಪ್ರತಿಯೊಂದರ ಮುಚ್ಚಳಕ್ಕೂ ಒಂದು ಚುಕ್ಕೆ ಕುಂಕುಮ.

“ನಿನ್ನವು ಅರ್ಧ ಆರಿ ಹೋಗಿದ್ದವು ನೋಡು,” ಎಂದ ಅಪ್ಪ. ಮುಖದಲ್ಲಿ ಹೆಮ್ಮೆ ಇತ್ತು. “ಮುಚ್ಚಳ ಸಡಿಲ ಇದ್ದವು. ಹಳೇದ ಚೆಲ್ಲಿ, ಹೊಸಾದು ತುಂಬೀನಿ. ಇನ್ನ ಇಪ್ಪತ್ತ ವರ್ಷ ಇಟ್ರೂ ಒಂದ ಕೂದಲ ಉದುರೂದಿಲ್ಲ.”

ಒಂದು ಮುಚ್ಚಳ ತೆರೆದೆ. ಅಪ್ಪನ ಅಂಗಿಯ ವಾಸನೆ ಬಂತು.

ಫಾರ್ಮಾಲಿನ್ ದೇಹದ ಆಕಾರವನ್ನು ಕಾಯುತ್ತದೆ. ಡಿ.ಎನ್.ಎ.ಯನ್ನು ಮಾತ್ರ ಒಂದಕ್ಕೊಂದು ಅಂಟಿಸಿ ಚೂರು ಚೂರು ಮಾಡುತ್ತದೆ. ಹಳೆಯ ಸಂಗ್ರಹಾಲಯಗಳ ಎಷ್ಟೋ ಭರಣಿಗಳಿಂದ ಒಂದು ಸಾಲು ಅಕ್ಷರವನ್ನೂ ಓದಲಾಗದಿರುವುದು ಇದಕ್ಕೇ. ಅಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವನ ಕಾಲೇಜಿನಲ್ಲಿ ಭರಣಿ ಅಂದರೆ ನೋಡುವುದಕ್ಕೆ. ಹೇಳಬೇಕಾದವಳು ನಾನೇ ಇದ್ದೆ, ಹೇಳಿರಲಿಲ್ಲ.

“ಛಲೋ ಆತು ಅಪ್ಪಾ,” ಎಂದೆ. ಮುಚ್ಚಳ ಹಾಕಿದೆ. ಅವನು ಕಾಯಿ ಒಡೆದು ಪ್ರಸಾದ ಕೊಟ್ಟ. ಮರುದಿನ ಬನ್ನಿ ಎಲೆ ಕೊಟ್ಟು ಕಾಲಿಗೆ ನಮಸ್ಕರಿಸಿದಾಗ “ಬಂಗಾರದ್ಹಂಗ ಇರೂಣು” ಎನ್ನುವ ಹಬ್ಬದ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವನು ಅದನ್ನು ಗಮನಿಸಲಿಲ್ಲ ಎಂದುಕೊಂಡೆ.

ಕೊಳವೆಗಳನ್ನು ಮೇಡಂ ಮುಂದೆ ಇಟ್ಟೆ. ಎರಡು ಸಲ ಪ್ರಯತ್ನಿಸಿದೆವು, ಏನೂ ಬರಲಿಲ್ಲ. “ಫಾರ್ಮಾಲಿನ್ ಯಾರು ಹಾಕಿದ್ದು?” ಎಂದರು. “ನನ್ನ ಕಡೆಯಿಂದ ತಪ್ಪಾಯಿತು ಮೇಡಂ,” ಎಂದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವರು ಬೈಯಲಿಲ್ಲ. “ಮತ್ತೆ ಹೋಗಿ ತನ್ನಿ. ಚಳಿ ಬಿದ್ದರೆ ತೂತಿನ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತವೆ. ಸಿಗದೇ ಹೋದರೆ ಪ್ರಬಂಧದಲ್ಲಿ ಮುದ್ದೇಬಿಹಾಳ ಬಿಟ್ಟುಬಿಡಿ.” ಮುದ್ದೇಬಿಹಾಳ ಬಿಟ್ಟರೆ ಪ್ರಶ್ನೆಯೇ ಉಳಿಯುವುದಿಲ್ಲ.

ಅಪ್ಪನಿಗೆ ಫೋನಿನಲ್ಲಿ, “ಮೇಡಂ ಇನ್ನಷ್ಟು ಕಾಲ ಬೇಕಂದ್ರು,” ಎಂದಷ್ಟೇ ಹೇಳಿದೆ. ಅವನು ಖುಷಿಪಟ್ಟ. ಮೇ ತಿಂಗಳಿಗೆ ಅವನ ನಿವೃತ್ತಿ. ಉಳಿದ ರಜೆಗಳನ್ನು ಯಾವುದಕ್ಕೆ ಬಳಸುವುದೆಂದು ತಿಳಿಯದೆ ಕೂತಿದ್ದ. ಮೂವತ್ತು ವರ್ಷದಲ್ಲಿ ಒಂದು ಭರಣಿಯನ್ನೂ ಕೆಡಿಸಿಲ್ಲ ಎನ್ನುವುದು ಅವನು ತನ್ನ ಬಗ್ಗೆ ಹೇಳಿಕೊಳ್ಳುವ ಒಂದೇ ಮಾತು. ಅದನ್ನು ನಾನು ಈ ಕೊನೆಯ ವರ್ಷ ಅವನಿಂದ ಕಿತ್ತುಕೊಳ್ಳಬಾರದು ಎಂದು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ. ಹಾಗೆ ತೀರ್ಮಾನಿಸಿದ್ದು ಸುಲಭವೂ ಆಗಿತ್ತು. ಹೇಳಬೇಕಾಗಿರಲಿಲ್ಲ.

ಇಂಡಿ, ದೇವಣಗಾಂವ, ಬಾಗೇವಾಡಿ, ಎಲ್ಲ ಕಡೆ ಮತ್ತೆ ಸಿಕ್ಕವು. ನಿಂಬೆ ತೋಟದ ಸಾಹೇಬರು “ಮತ್ತ ಕಾಲಿಗೇ ಬಂದಿ? ಈ ಜ್ಯಾಡಕ್ಕೊಂದು ಕೋಲು ಕೊಟ್ಟು ಹೋಗವಾ,” ಎಂದು ನಕ್ಕರು. ಮುದ್ದೇಬಿಹಾಳವನ್ನು ಕೊನೆಗೆ ಇಟ್ಟುಕೊಂಡೆ. ಅದೊಂದು ತಪ್ಪು. ಆಯಿಯ ಹೊಲಕ್ಕೆ ಹೋದರೆ ಬದುವೇ ಇರಲಿಲ್ಲ. ಪಕ್ಕದ ಹೊಲದವರೂ ಅವಳ ಮಗನೂ ಕೂಡಿ ದೀಪಾವಳಿಯ ಹಿಂದಿನ ವಾರ ಜೆಸಿಬಿ ತರಿಸಿ ನೆಲ ಸಮ ಮಾಡಿಸಿದ್ದರು. ಕೆಂಪು ಮಣ್ಣು ಹಸಿಹಸಿಯಾಗಿ ಹರಡಿತ್ತು.

“ನಾ ಹೇಳೀನಿ ಯವ್ವಾ, ಜ್ಯಾಡದ ಹುಡುಗಿ ಬಂದ್ರ ಏನ್ ಮಾಡೂದಂತ,” ಎಂದಳು ಆಯಿ. “ಮಗ ಅಂದಾ, ಜ್ಯಾಡಕ್ಕ ಪಟ್ಟಾ ಬರಕೊಟ್ಟೀಯೇನ ಅಂತ.”

ಮುಂಜಾನೆಯಿಂದ ಮಧ್ಯಾಹ್ನದವರೆಗೆ ಸುತ್ತಲಿನ ಹೊಲಗಳನ್ನು ಹುಡುಕಿದೆವು. ಕಡೆಗೆ ಆಯಿಯೇ, ಹೊಲದಿಂದ ಆರಿಸಿದ ಕಲ್ಲುಗಳನ್ನು ಒಟ್ಟಿದ ಒಂದು ಗುಡ್ಡೆಯ ಬುಡದಲ್ಲಿ ತೋರಿಸಿದಳು. ತೂತಿನ ಬಾಯಿಯನ್ನು ಅರ್ಧ ರೇಷ್ಮೆಯಿಂದ ಮುಚ್ಚಿಯಾಗಿತ್ತು. ಇನ್ನೆರಡು ದಿನ ತಡವಾಗಿದ್ದರೆ ಕಾಣುತ್ತಿರಲಿಲ್ಲ. ಸಿಬಿರು ಹಾಕಿ ಬಹಳ ಹೊತ್ತು ಕಾದ ಮೇಲೆ ಹೊರಗೆ ಬಂತು. ದೊಡ್ಡ ಹೆಣ್ಣು. ಒಂದು ಕಾಲು ಬಿಟ್ಟಿತು. ಉಳಿದ ಏಳರ ಮೇಲೆ ನಿಧಾನವಾಗಿ ತೂತಿಗೆ ಇಳಿದು ಹೋಯಿತು. ಚಿಮಟದ ತುದಿಯಲ್ಲಿ ಆ ಕಾಲು ಇನ್ನೂ ಮಡಚುತ್ತ ಬಿಚ್ಚುತ್ತ ಇತ್ತು.

ಕೊಳವೆಗೆ ಕೈ ಚಾಚಬೇಕು, ಅಷ್ಟರಲ್ಲಿ ಅಪ್ಪ ಬಗಲಿನ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದ. ಮುಚ್ಚಳ ಬಿಚ್ಚಿ ಮುಂದೆ ಹಿಡಿದ.

“ಇದರಾಗ ಹಾಕು. ನಿನ್ನೆ ಸಂಜಿಕ ನಾನ ಮಾಡಿ ತಂದೇನಿ. ನಿನ್ನ ನೀರ ಲಗೂನ ಆರತೈತಿ.”

“ಬ್ಯಾಡ ಅಪ್ಪಾ.”

“ತಾಜಾ ಐತಿ. ಹಾಕು.”

“ಬ್ಯಾಡ. ಅದರಾಗ ಹಾಕಿದ್ರ ಕೆಡತೈತಿ.”

ನನ್ನ ಕೊಳವೆಯೊಳಗೆ ಕಾಲನ್ನು ಬಿಟ್ಟು ಮುಚ್ಚಳ ತಿರುಗಿಸಿದೆ. ಅಪ್ಪ ಬಾಟಲಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದ. ಅವನು ಕಡಿಮೆ ಮಾತಿನವ, ತಿಳಿಯದವನಲ್ಲ.

“ಮೊದಲಿನವು?” ಎಂದ.

“ಹೋದವು.”

“ಎಲ್ಲಾ?”

“ಎಲ್ಲಾ.”

“ಖಂಡೇಪೂಜಿ ದಿನಾನ ಗೊತ್ತಾಗಿತ್ತಲ್ಲ ನಿನಗ. ಮುಚ್ಚಳ ತಗದು ನೋಡಿದಿ.”

“ಹೂಂ.”

“ಮತ್ತ ಛಲೋ ಆತು ಅಂದಿ.”

ಇದ್ದದ್ದು ನಾವು ಮೂವರೇ. ಆಯಿ ನಮ್ಮಿಬ್ಬರನ್ನೂ ನೋಡಿದಳು. “ಯಾಕ, ಏನಾತು? ಎಂಟ ಕಾಲಿನ್ಯಾಗ ಒಂದ ಹೋದ್ರ ಅಳೂದೇನು? ನಮಗ ಇರೂವ ಎರಡ,” ಎಂದಳು.

ಅಪ್ಪ ಬಾಟಲಿಯ ಮುಚ್ಚಳ ಹಾಕಿ, ಚೀಲದಲ್ಲಿಟ್ಟು, ಚೀಲದ ಗುಂಡಿ ಹಾಕಿದ. “ಕಾಲೇಜಿನ್ಯಾಗ ಹುಡುಗ್ರು ತಪ್ಪ ಮಾಡಿದ್ರ ಮಾರಿ ಮ್ಯಾಲ ಹೇಳೀನಿ. ಸರ್‌ಗೋಳು ಮಾಡಿದ್ರೂ ಹೇಳೀನಿ,” ಎಂದ. “ಮೇ ತಿಂಗಳಿಗೆ ರಿಟೈರಾಗಿ ಮನಿಗೆ ಹೋಗಾಂವ ಅಂತ ನನಗ ಹೇಳಲಿಲ್ಲೇನು?”

ಉತ್ತರ ಹೌದು ಎಂದೇ ಇತ್ತು. ಕೊಳವೆಯನ್ನು ಪೆಟ್ಟಿಗೆಯಲ್ಲಿಟ್ಟೆ. ಮುದ್ದೇಬಿಹಾಳದಿಂದ ಬಾಗೇವಾಡಿಯವರೆಗೆ ಅವನ ಬೆನ್ನಿನ ಹಿಂದೆ ಕೂತು ಬಂದೆ. ಆ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ನೋಡಿರಲಿಲ್ಲ. ಬಾಗೇವಾಡಿಯಲ್ಲಿ ಬೈಕ್ ನಿಲ್ಲಿಸಿ ಎರಡು ಚಹಾ ಹೇಳಿದ. ಅರ್ಧ ಕುಡಿದ ಮೇಲೆ ಕೇಳಿದ, “ಈಗ ಹೇಳು. ಫಾರ್ಮಾಲಿನ್ ಏನ್ ಮಾಡತೈತಿ ಅದಕ್ಕ?”

ಹೇಳಿದೆ. ಚಹಾದಂಗಡಿಯ ಬಾಕಿನ ಮೇಲೆ ಕೂತು, ಚಿಕ್ಕಂದಿನಿಂದ ಅವನಿಗೆ ಒಂದೇ ಸಮ ಅಷ್ಟು ಮಾತು ಆಡಿದ್ದು ಅದೇ ಮೊದಲು. ಡಿ.ಎನ್.ಎ. ಒಂದು ಉದ್ದನೆಯ ಸಾಲು, ನಾಲ್ಕೇ ಅಕ್ಷರದಲ್ಲಿ ಬರೆದದ್ದು. ಆಲ್ಕೋಹಾಲ್ ಅದರ ಸುತ್ತಲಿನ ನೀರು ಹೀರಿ ಅದನ್ನು ಇದ್ದ ಹಾಗೇ ಇಡುತ್ತದೆ. ಫಾರ್ಮಾಲಿನ್ ಸಾಲಿಗೆ ಸಾಲು ಅಂಟಿಸುತ್ತದೆ, ಬಿಡಿಸಹೋದರೆ ಹರಿಯುತ್ತದೆ. ಅವನು ನಡುನಡುವೆ ಪ್ರಶ್ನೆ ಕೇಳಿದ, ಸರಿಯಾದ ಪ್ರಶ್ನೆಗಳು. ಹೆಣ್ಣಿನ ಆ ಚೀಲಗಳ ಬಗ್ಗೆಯೂ ಹೇಳಿದೆ. ಅಪ್ಪ ಗ್ಲಾಸಿನೊಳಗೆ ನೋಡುತ್ತ ಕೇಳಿಸಿಕೊಂಡ. “ಇಷ್ಟ ಮೊದಲ ಹೇಳಿದ್ರ ಏನಾಗತಿತ್ತು,” ಎಂದ. ಮತ್ತೆ ಆ ಮಾತು ತೆಗೆಯಲಿಲ್ಲ.

ಫಲಿತಾಂಶ ಜನವರಿಯಲ್ಲಿ ಬಂತು. ಇಂಡಿ, ಸಿಂದಗಿ, ಬಾಗೇವಾಡಿಯ ಎಲ್ಲ ಕಾಲುಗಳ ಅಕ್ಷರಗಳೂ ಹೆಚ್ಚುಕಡಿಮೆ ಒಂದೇ. ಮುದ್ದೇಬಿಹಾಳದ ಆ ಒಂದು ಕಾಲು ಅವುಗಳಿಂದ ದೂರ ನಿಂತಿತ್ತು, ನಾನು ಬಿಡಿಸಿದ ಚಿತ್ರಗಳಂತೆಯೇ. ಮೇಡಂ ಕಾಗದ ಕೆಳಗಿಟ್ಟು, “ಒಂದೇ ಜೇಡ. ಒಂದರ ಮೇಲೆ ಇಷ್ಟೇ ಹೇಳಬಹುದು,” ಎಂದು ನನ್ನ ವಾಕ್ಯದಲ್ಲಿ ಒಂದು ಪದ ಸೇರಿಸಿದರು.

ಪ್ರಬಂಧದ ಒಂದು ಪ್ರತಿಯನ್ನು ಮನೆಗೆ ತಂದೆ. ಇಂಗ್ಲಿಷಿನಲ್ಲಿತ್ತು. ಅಪ್ಪ ಚಿತ್ರಗಳನ್ನೆಲ್ಲ ನೋಡಿ, ಕೊನೆಯ ಪುಟದ ವಾಕ್ಯದ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳು ಎಂದ.

“ಮುದ್ದೇಬಿಹಾಳದ ಜೇಡ ಬಹುಶಃ ಬೇರೆ ಪ್ರಭೇದ,” ಎಂದೆ.

“ಬಹುಶಃ ಯಾಕ?”

“ಒಂದ ಕಾಲ ಇತ್ತಲ್ಲ.”

“ಆ ಐದೂ ಇದ್ದಿದ್ರ?”

ಮೆತ್ತಗೆ ಮಾಡಿ ಹೇಳಬಹುದಿತ್ತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಡ ಎನ್ನುವಂತೆ ನನ್ನ ಕಡೆ ನೋಡಿದಳು.

“ಐದು ಇದ್ದಿದ್ರ ಆ ಶಬ್ದ ಇರತಿದ್ದಿಲ್ಲ,” ಎಂದೆ.

ಅಪ್ಪ ತಲೆಯಾಡಿಸಿದ. “ಅಂದ್ರ ಆ ಶಬ್ದ ನಂದು.”

“ಅರ್ಧ ನಂದು. ಕೊಳವಿ ಮ್ಯಾಲ ಏನೂ ಬರೀಲಿಲ್ಲ ನಾ.”

“ಹೌದು,” ಎಂದ ತಕ್ಷಣವೇ. “ಅರ್ಧ ನಿಂದು.” ಆಮೇಲೆ ಅವ್ವನಿಗೆ, “ರೊಟ್ಟಿ ಬಡಿ, ಹಸಿವ್ಯಾಗೈತಿ,” ಎಂದ. ನಾನು ಎದ್ದು ಇಬ್ಬರಿಗೂ ತಾಟು ಹಾಕಿದೆ.

ಮೇ ತಿಂಗಳಲ್ಲಿ ಅವನು ನಿವೃತ್ತನಾದ. ನನಗೆ ದೂರದ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಇಲ್ಲಿ ನಾನು ಬೇರೆ ಬೇರೆ ಪ್ರಾಣಿಗಳ ಅಕ್ಷರ ಓದುತ್ತೇನೆ, ಪ್ರಾಣಿಗಳನ್ನು ನೋಡುವುದೇ ಇಲ್ಲ. ಜೂನಿನ ಕೊನೆಗೆ, ಕೆಲಸದ ಹೊತ್ತಿನಲ್ಲಿ ಅಪ್ಪನ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು.

“ಮಳಿ ಬಿದ್ದು ಎಂಟ ದಿನಾ ಆತು. ಆಯಿ ಹೊಲದಾಗ ಅದೇನಿ. ಆ ಕಲ್ಲಿನ ಗುಡ್ಡಿ ಬುಡಕ ಮೂರ ತೂತು ಸಿಕ್ಕಾವ, ಹಳ್ಳದ ದಂಡಿಗೆ ಇನ್ನೊಂದು. ಬಾಯಿಗೆ ರೇಷ್ಮಿ ಹೊಸಾದೈತಿ. ನಾ ಏನೂ ಮುಟ್ಟಿಲ್ಲ.”

ಹಿಂದಿನಿಂದ ಆಯಿಯ ದನಿ ಬಂತು. “ನಿಮ್ಮಪ್ಪ ನಿನ್ನಿಂದ ಇಲ್ಲೇ ನಿಂತಾನ ಯವ್ವಾ! ಈ ವರ್ಷ ನನ್ನ ಹೊಲಕ್ಕ ಬೆದರಗೊಂಬಿ ಬ್ಯಾಡಾತು!”

ಶನಿವಾರ ಬರುತ್ತೇನೆ ಎಂದೆ.

“ಒಂದ ಕೇಳತೇನಿ,” ಎಂದ ಅಪ್ಪ. “ಆ ಆಲ್ಕೋಹಾಲ್ ನೀ ತರ್ತೀಯೋ, ನಾ ತರಲೋ?”

ನನ್ನ ಮೇಜಿನ ಮೇಲೆಯೇ ಒಂದು ಬಾಟಲಿ ಇತ್ತು.

“ನೀನ ತಾ ಅಪ್ಪಾ.”

“ನಿಲ್ಲು, ಬರಕೋತೇನಿ,” ಎಂದ. ಎಷ್ಟು ಶುದ್ಧದ್ದು ಬೇಕು, ಕಾಲೇಜಿನ ಸ್ಟೋರಿನಲ್ಲಿ ಏನೆಂದು ಕೇಳಬೇಕು, ಯಾವ ಬಗೆಯ ಮುಚ್ಚಳ, ಕೊಳವೆಯ ಮೇಲೆ ಏನೇನು ಬರೆಯಬೇಕು, ಯಾಕೆ ಬರೆಯಬೇಕು, ಒಂದನ್ನೂ ಬಿಡದೆ ಹೇಳಿದೆ. ಅವನು ಬರೆದುಕೊಂಡು, ಮೊದಲಿನಿಂದ ಕಡೆಯವರೆಗೆ ನನಗೆ ಓದಿ ಹೇಳಿದ. ಎರಡು ಕಡೆ ತಪ್ಪಿತ್ತು. ತಿದ್ದಿದೆ.